ಗಾಳಿಯ ದಿಕ್ಕು ಕಾಯುವವರು

ಆಷಾಢ ಬಂತೆಂದರೆ ಗುಬ್ಬಿ, ಕುಣಿಗಲ್ ಸೀಮೆಯ ತೋಟಗಳಲ್ಲಿ ತೆಂಗಿನ ಗರಿಗಳು ಒಂದೇ ಸಮನೆ ಹೊಯ್ದಾಡುತ್ತವೆ. ರೈತರಿಗೆ ಈ ಗಾಳಿ ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟ. ಹಾರಾಟ ನಡೆಸುವವರಿಗಾದರೋ ಅದು ದಿನವೂ, ಗಳಿಗೆ ಗಳಿಗೆಗೂ ನೋಡಬೇಕಾದ ಲೆಕ್ಕ.

ಆ ಲೆಕ್ಕ ಈಗ ತುಮಕೂರು ಜಿಲ್ಲೆಯೊಳಗೂ ನಡೆಯುತ್ತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಹ್ಯಾಂಗರುಗಳ ಜೊತೆಗೆ ಅಲ್ಲಿ ಹೆಲಿಕಾಪ್ಟರ್‌ಗಳಿಗೆಂದೇ ರನ್‌ವೇ ಇದೆ, ವಾಯು ಸಂಚಾರ ನಿಯಂತ್ರಣ ವ್ಯವಸ್ಥೆ, ಅಂದರೆ ಎಟಿಸಿಯೂ ಇದೆ. ನಿಂತಲ್ಲಿಂದಲೇ ಏರಬಲ್ಲ ಹೆಲಿಕಾಪ್ಟರಿಗೆ ಗಾಳಿಯ ಹಂಗೇಕೆ ಎನ್ನಿಸಬಹುದು. ಹಿಂದಿನಿಂದ ಬೀಸುವ ಗಾಳಿ ಅದರ ಬಾಲವನ್ನು ತಿರುಗಿಸಲು ನೋಡುತ್ತದೆ. ಅದಕ್ಕೇ ಪೈಲಟ್ ಸಾಧ್ಯವಾದ ಕಡೆಯಲ್ಲೆಲ್ಲ ಗಾಳಿಗೆ ಮುಖ ಕೊಟ್ಟೇ ಏರುತ್ತಾನೆ, ಇಳಿಯುತ್ತಾನೆ.

ದೊಡ್ಡ ವಿಮಾನಗಳದ್ದೂ ಇದೇ ನಿಯಮ. ಎದುರುಗಾಳಿಯಿದ್ದರೆ ನೆಲದ ಮೇಲಿನ ವೇಗ ಕಡಿಮೆ ಸಾಕು, ಓಡುವ ದೂರವೂ ಕಡಿಮೆ ಸಾಕು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ತುದಿಗಳಲ್ಲಿ ಬರೆದಿರುವ 09 ಮತ್ತು 27 ದಿಕ್ಸೂಚಿಯ ಅಂಕಿಗಳು: 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ. ಮುಂಗಾರಿನ ಪಡುವಣ ಗಾಳಿಗೆ ವಿಮಾನಗಳು ಪಶ್ಚಿಮಕ್ಕೆ ಮುಖ ಮಾಡಿ ಏರುತ್ತವೆ. ಚಳಿಗಾಲದ ಮೂಡಣ ಗಾಳಿಗೆ ಇಳಿಯುವ ವಿಮಾನಗಳು ತುಮಕೂರು, ದೊಡ್ಡಬಳ್ಳಾಪುರದ ದಿಕ್ಕಿನಿಂದ ತಗ್ಗುತ್ತಾ ಬರುತ್ತವೆ. ಗಾಳಿ ತಿರುಗಿತೆಂದರೆ ಆಕಾಶದಲ್ಲಿ ಸಾಲುಗಟ್ಟಿರುವ ವಿಮಾನಗಳನ್ನೆಲ್ಲ ಸುತ್ತಿಸಿ ಇನ್ನೊಂದು ತುದಿಗೆ ತರಬೇಕು. ನಿಯಂತ್ರಕರ ಜಾಣ್ಮೆ ಕಾಣುವುದು ಆಗಲೇ.

ಕಷ್ಟ ಕೊಡುವುದು ಅಡ್ಡಗಾಳಿ. ರನ್‌ವೇ ಪಕ್ಕದ ಮಾಪಕ ತೋರಿಸುವ ದಿಕ್ಕು ಮತ್ತು ವೇಗವನ್ನು ನಿಯಂತ್ರಕರು ಇಳಿಯಲು ಅನುಮತಿ ಕೊಡುವಾಗಲೇ ಪೈಲಟ್‌ಗೆ ಹೇಳುತ್ತಾರೆ. ವೇಗದ ಅಳತೆ ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಪೈಲಟ್ ವಿಮಾನದ ಮೂತಿಯನ್ನು ಗಾಳಿಯ ಕಡೆಗೆ ಓರೆ ಹಿಡಿದು ಬಂದು, ಚಕ್ರ ನೆಲ ಮುಟ್ಟುವ ಹೊತ್ತಿಗೆ ಅದನ್ನು ರನ್‌ವೇಗೆ ನೇರ ಮಾಡುತ್ತಾನೆ. ಕೆಳಗಿನಿಂದ ನೋಡುವವರಿಗೆ ಎದೆ ಝಲ್ಲೆನ್ನಿಸುವ ಈ ಓರೆ ನಡಿಗೆ ತರಬೇತಿಯ ಪಾಠ. ಆದರೆ ಒಂದೊಂದು ಮಾದರಿಯ ವಿಮಾನಕ್ಕೂ ಅಡ್ಡಗಾಳಿಯ ಮಿತಿಯಿದೆ. ರನ್‌ವೇ ಒದ್ದೆಯಿದ್ದರೆ ಆ ಮಿತಿ ಇನ್ನೂ ತಗ್ಗುತ್ತದೆ.

ಬೆನ್ನಗಾಳಿ ಎಷ್ಟು ಅಪಾಯಕಾರಿ ಎಂಬುದನ್ನು 2020ರ ಆಗಸ್ಟ್ 7ರ ಕೋಯಿಕ್ಕೋಡ್ ದುರಂತ ತೋರಿಸಿತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಳೆಯಲ್ಲಿ ಮೊದಲ ಪ್ರಯತ್ನ ಕೈಬಿಟ್ಟು, ಎದುರು ತುದಿಯಿಂದ ಇಳಿಯಿತು. ಬೆನ್ನಿಗೆ 14 ನಾಟ್ ಗಾಳಿಯಿತ್ತು. ಸುಮಾರು 2,700 ಮೀಟರಿನ ರನ್‌ವೇಯಲ್ಲಿ ಅರ್ಧದಷ್ಟು ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ವಿಮಾನ ತುದಿ ದಾಟಿ ಕಮರಿಗೆ ಉರುಳಿತು. ಇಬ್ಬರೂ ಪೈಲಟ್‌ಗಳು ಸೇರಿ 21 ಜನ ಸತ್ತರು. ಮತ್ತೆ ಮೇಲೇರಬೇಕೆಂದು ಸಹ ಪೈಲಟ್ ಹೇಳಿದರೂ ಇಳಿಯುವುದನ್ನು ಮುಂದುವರಿಸಲಾಯಿತು ಎಂದು ತನಿಖಾ ವರದಿ ದಾಖಲಿಸಿದೆ.

ಫೆಂಗಲ್ ಚಂಡಮಾರುತದ ದಿನ, 2024ರ ನವೆಂಬರ್ 30ರಂದು, ಚೆನ್ನೈನಲ್ಲಿ ಇಳಿಯುತ್ತಿದ್ದ ಇಂಡಿಗೊ ವಿಮಾನ ನೆಲದ ಸಮೀಪ ಓಲಾಡಿ ಮತ್ತೆ ಮೇಲೇರಿತು. ವಿಡಿಯೊ ನೋಡಿದವರು ಬೆಚ್ಚಿಬಿದ್ದರು. ಆದರೆ ಅಂದು ನಡೆದದ್ದು ಸರಿಯಾದ ಕೆಲಸವೇ. ನಿಯಂತ್ರಕರು ಗಾಳಿಯ ವಿವರ ಹೇಳಬಲ್ಲರು, ದಾರಿ ತೆರವು ಮಾಡಬಲ್ಲರು. ಇಳಿಯುವ ತೀರ್ಮಾನ ಮಾತ್ರ ಪೈಲಟ್‌ದು. ಆತ ಮೇಲೇರಿದ ಕ್ಷಣ ಎತ್ತರ, ದಿಕ್ಕು ಸೂಚಿಸಿ ಮತ್ತೆ ಸಾಲಿಗೆ ಸೇರಿಸುವುದು ಎಟಿಸಿಯ ಹೊಣೆ.

ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಪರೀಕ್ಷೆ ನಡೆಸಿ ಈ ನಿಯಂತ್ರಕರನ್ನು ಆರಿಸುತ್ತದೆ. ಭೌತವಿಜ್ಞಾನ, ಗಣಿತ ಓದಿದ ಬಿಎಸ್ಸಿ ಪದವೀಧರರೂ ಎಂಜಿನಿಯರ್‌ಗಳೂ ಬರೆಯಬಹುದು. ತುಮಕೂರು, ಗುಬ್ಬಿ, ಕುಣಿಗಲ್‌ನ ಕಾಲೇಜುಗಳ ಮೇಷ್ಟರುಗಳು ಈ ಪರೀಕ್ಷೆಯ ವಿಷಯವನ್ನು ತಮ್ಮ ವಿದ್ಯಾರ್ಥಿಗಳ ಕಿವಿಗೆ ಹಾಕಲಿ.