ಹಲ್ಲುದುರಿದ ತೆನೆ

ಎರಡು ವರ್ಷಗಳ ಹಿಂದೆ, ಜೂನ್ ತಿಂಗಳಿನ ಮೊದಲ ಮಳೆ ಬಿದ್ದಾಗ, ದಾವಣಗೆರೆಯ ಅಂಚಿನಲ್ಲಿರುವ ನಮ್ಮ ಮನೆಯ ಹಿತ್ತಿಲಿನಲ್ಲಿ ಸಿಹಿ ಮೆಕ್ಕೆಜೋಳವನ್ನು ಬಿತ್ತಿದೆವು. ಪೇಟೆಯಲ್ಲಿ ‘ಸ್ವೀಟ್ ಕಾರ್ನ್’ ಎಂದು ಕರೆಯುವುದು ಇದನ್ನೇ. ತರಕಾರಿಯ ಪಾತಿಗಳಿಗೆ ಜಾಗ ಉಳಿಯಲೆಂದು ಪೂರ್ವದ ಬೇಲಿಯುದ್ದಕ್ಕೂ ಒಂದೇ ಸಾಲಿನಲ್ಲಿ ಗೇಣಿಗೊಂದರಂತೆ ಇಪ್ಪತ್ತು ಬೀಜಗಳನ್ನು ಊರಿದೆವು. ಗಿಡಗಳು ಆಳೆತ್ತರಕ್ಕೆ ಬೆಳೆದುವು. ತೆನೆಗಳೂ ದಪ್ಪಗೆ ಕಂಡುವು. ಆದರೆ ಮುಸುಕನ್ನು ಸುಲಿದು ನೋಡಿದಾಗ ಅಲ್ಲೊಂದು ಇಲ್ಲೊಂದು ಕಾಳು! ಮುದುಕರ ಬಾಯಿಯೇ ಸರಿ. ಬೇಸಾಯದ ಮನೆಯಿಂದ ಬಂದ ನಮ್ಮ ತಾಯಿಯವರು, “ಗೊಬ್ಬರ ಸಾಲಲಿಲ್ಲವೇನೋ” ಎಂದರು. ನಮಗೂ ಹಾಗೆಯೇ ತೋರಿತು. ಆದರೆ ಎಲೆಗಳು ಕಡುಹಸುರಾಗಿದ್ದುವು. ಹಸಿದ ಗಿಡದ ಲಕ್ಷಣ ಅದಲ್ಲ.

ತಪ್ಪು ಮಣ್ಣಿನಲ್ಲಿರಲಿಲ್ಲ, ಗಾಳಿಯಲ್ಲಿತ್ತು. ಮೆಕ್ಕೆಜೋಳದ ಗಂಡು ಹೂಗಳು ಗಿಡದ ನೆತ್ತಿಯಲ್ಲಿರುತ್ತವೆ. ಹೆಣ್ಣು ಹೂಗಳು ಕಾಂಡದ ನಡುವೆ, ಮುಸುಕಿನೊಳಗೆ. ಮುಸುಕಿನ ತುದಿಯಿಂದ ಹೊರಚಾಚುವ ರೇಷ್ಮೆಯಂಥ ಎಳೆಗಳನ್ನು ವಾಚಕರು ನೋಡಿರಬಹುದು. ಅವುಗಳಲ್ಲಿ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದುದು. ಎಳೆಗೆ ಪರಾಗ ಅಂಟಿದರೆ ಕಾಳುಂಟು. ಅಂಟದಿದ್ದರೆ ಆ ಸ್ಥಾನ ಬರಿದು. ಒಂದು ತುಂಬುತೆನೆಗೆ ನಾನೂರು ಐನೂರು ಎಳೆಗಳಾದರೂ ಪರಾಗವನ್ನು ಪಡೆಯಬೇಕು. ಜೇನುನೊಣದ ನೆರವನ್ನು ಈ ಗಿಡ ನೆಚ್ಚಿಕೊಂಡಿಲ್ಲ, ಗಾಳಿಯೇ ಗತಿ. ಸಾಮಾನ್ಯವಾಗಿ ಗಿಡವೊಂದರ ಪರಾಗ ಉದುರತೊಡಗಿದ ಎರಡು ಮೂರು ದಿನಗಳ ಮೇಲೆ ಅದರದೇ ಎಳೆಗಳು ಹೊರಬರುವುದರಿಂದ ನೆರೆಯ ಗಿಡದ ಹಂಗು ತಪ್ಪದು.

ಪರಾಗದ ಕಣವಾದರೋ ಗಾಳಿಯಲ್ಲಿ ಬಹಳ ಹೊತ್ತು ತೇಲುವಂಥದಲ್ಲ. ಅದರ ವ್ಯಾಸ ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಮಿಲಿಕನ್ನನ ತೈಲಬಿಂದು ಪ್ರಯೋಗವನ್ನು ಓದಿದ ವಿದ್ಯಾರ್ಥಿಗಳಿಗೆ ಸ್ಟೋಕ್ಸನ ನಿಯಮ ನೆನಪಿರಬೇಕು. ಅದರಂತೆ ಲೆಕ್ಕ ಹಾಕಿದರೆ ಕಣವು ಸೆಕೆಂಡಿಗೆ ಸುಮಾರು 25ರಿಂದ 30 ಸೆಂಟಿಮೀಟರ್ ವೇಗದಿಂದ ಇಳಿಯುತ್ತದೆ. ನೆತ್ತಿಯಿಂದ ಎಳೆಗಳವರೆಗಿನ ಒಂದು ಮೀಟರನ್ನು ಇಳಿಯಲು ಮೂರು ನಾಲ್ಕು ಸೆಕೆಂಡು ಸಾಕು. ಅಷ್ಟರಲ್ಲಿ, ಸೆಕೆಂಡಿಗೆ ಒಂದು ಮೀಟರ್ ವೇಗದ ಮಂದಮಾರುತವೂ ಅದನ್ನು ಮೂರು ನಾಲ್ಕು ಮೀಟರ್ ಪಕ್ಕಕ್ಕೆ ಒಯ್ದಿರುತ್ತದೆ. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುವುದು. ನಮ್ಮ ಸಾಲು ತೆಂಕುಬಡಗಾಗಿ ಅದಕ್ಕೆ ಅಡ್ಡಲಾಗಿತ್ತು. ಪರಾಗವೆಲ್ಲ ಬೇಲಿಯಾಚೆಯ ಖಾಲಿ ನಿವೇಶನದ ಪಾಲಾಯಿತು. ತರಗತಿಯಲ್ಲಿ ವರ್ಷವರ್ಷವೂ ಬೋಧಿಸುವ ನಿಯಮವನ್ನು ಹಿತ್ತಿಲಿನಲ್ಲಿ ಮರೆತವರಿಗೆ ಏನೆನ್ನೋಣ!

ಮರುವರ್ಷ ಅಷ್ಟೇ ಬೀಜಗಳನ್ನು ಐದೈದರಂತೆ ನಾಲ್ಕು ಸಾಲು ಮಾಡಿ ಚೌಕವಾದ ಪಾತಿಯಲ್ಲಿ ಬಿತ್ತಿದೆವು. ಗಾಳಿ ಯಾವ ಕಡೆಗೆ ಬೀಸಿದರೂ ಹೆಚ್ಚಿನ ಗಿಡಗಳ ಪರಾಗಕ್ಕೆ ಎದುರಾಗಿ ಇನ್ನೊಂದು ಗಿಡ ಸಿಗುತ್ತದೆ. ಎಳೆಗಳು ಹೊರಬಂದ ವಾರದಲ್ಲಿ ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಕಾಂಡಗಳನ್ನು ಮೆಲ್ಲನೆ ಅಲುಗಿಸಿದೆವು. ಸುಮಾರು ಇಪ್ಪತ್ತು ದಿನಗಳಾದ ಮೇಲೆ ಎಳೆಗಳು ಕಂದಿ ಒಣಗಿದುವು. ಉಗುರು ಊರಿದರೆ ಕಾಳಿನಿಂದ ಹಾಲು ಒಸರಿತು. ಕಿತ್ತ ಕ್ಷಣದಿಂದಲೇ ಕಾಳಿನ ಸಕ್ಕರೆ ಕಡಮೆಯಾಗತೊಡಗುವುದರಿಂದ ಒಲೆಯ ಮೇಲೆ ನೀರು ಕುದಿಯುತ್ತಿರುವಾಗಲೇ ತೆನೆಗಳನ್ನು ಮುರಿದು ತಂದೆವು. ತುಂಬಿದ ತೆನೆಗಳು! ತಾಯಿಯವರು ಎರಡು ತುತ್ತು ತಿಂದು, “ಕೆಲವು ಕಾಳು ಸಪ್ಪೆ” ಎಂದರು.

ಅವರ ನಾಲಿಗೆ ಸುಳ್ಳಾಡಲಿಲ್ಲ. ಒಂದು ತೆನೆಯನ್ನು ಗಿಡದಲ್ಲಿಯೇ ಒಣಗಲು ಬಿಟ್ಟಿದ್ದೆವು. ಅದರ ಕಾಳುಗಳು ಬಹುಪಾಲು ಸುಕ್ಕುಗಟ್ಟಿದುವು. ನಡುನಡುವೆ ಕೆಲವು ಮಾತ್ರ ನುಣುಪಾಗಿ ಉಬ್ಬಿ ನಿಂತುವು. 1866ರಲ್ಲಿ ಪ್ರಕಟವಾದ ಮೆಂಡೆಲ್ಲನ ಪ್ರಬಂಧದಲ್ಲಿಯೂ ಸುಕ್ಕು ಬಟಾಣಿ, ನುಣುಪು ಬಟಾಣಿಗಳಿವೆಯಲ್ಲವೆ? ಸಿಹಿಜೋಳದಲ್ಲಿ ಸಕ್ಕರೆ ಸಾಧಾರಣವಾಗಿ ಪಿಷ್ಟವಾಗದೆ ಉಳಿಯುವುದು ಒಂದು ಅಪ್ರಬಲ ಜೀನಿನಿಂದ. ಹೊಲದ ಸಾಧಾರಣ ಮೆಕ್ಕೆಜೋಳದ ಪರಾಗ ಬಂದು ತಗುಲಿದರೆ ಪ್ರಬಲ ಜೀನು ಗೆದ್ದು, ಆ ಕಾಳು ಅದೇ ತೆನೆಯಲ್ಲಿಯೇ ಪಿಷ್ಟದಿಂದ ತುಂಬುವುದು. ನಮ್ಮ ಮನೆಯ ಪಶ್ಚಿಮಕ್ಕೆ, ರಸ್ತೆಯಾಚೆ, ಎರಡು ಎಕರೆ ಮೆಕ್ಕೆಜೋಳವಿತ್ತು! ಬಹುಪಾಲು ಕಣಗಳು ಬೇಗನೆ ನೆಲಕ್ಕಿಳಿದರೂ ಗಾಳಿಯ ಸುಳಿಗೆ ಸಿಕ್ಕಿದ ಕೆಲವು ರಸ್ತೆಯನ್ನು ದಾಟಿ ಬಂದಿದ್ದುವು.

ಆ ಹೊಲದ ಯಜಮಾನರನ್ನು ಈ ವರ್ಷ ಮುಂಚಿತವಾಗಿಯೇ ಕೇಳಿದೆವು. ಅವರು ಬಿತ್ತಿ ಮೂರು ವಾರಗಳಾದ ಮೇಲೆ ನಾವು ಬಿತ್ತಿದ್ದೇವೆ. ಅವರ ಗಿಡಗಳೀಗ ಎದೆಯೆತ್ತರಕ್ಕಿವೆ. ನಮ್ಮವು ಮೊಣಕಾಲಿಗೂ ಬಂದಿಲ್ಲ.