ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳಲ್ಲಿ ಎಲ್ಲ ಮಕ್ಕಳಿಗೂ ಸ್ಥಾನ: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದದ್ದು, ಮಾಡಬಹುದಾದದ್ದು



ಸ್ವಾತಂತ್ರ್ಯ ದಿನಾಚರಣೆಯ ಧ್ವಜಾರೋಹಣದ ವೇಳೆ ಕೊರಳಿಗೆ ಸ್ಕಾರ್ಫ್ ಧರಿಸಿ ಶಿಸ್ತಿನಿಂದ ನಿಲ್ಲುವ ಸ್ಕೌಟ್ಸ್ ಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ, ಮೆಚ್ಚಿದ್ದೇವೆ. ಆ ಸಾಲಿನಲ್ಲಿ ಯಾರಿದ್ದಾರೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾರಿಲ್ಲ ಎಂಬುದು ಹುಡುಕಿದರೆ ಮಾತ್ರ ಕಾಣುತ್ತದೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ನಾನು ಕಾರ್ಯನಿರ್ವಹಿಸುತ್ತಿರುವ ಪಂಚಾಯಿತಿ ವ್ಯಾಪ್ತಿಯ ಒಂದು ಪ್ರೌಢಶಾಲೆಯ ದಳಕ್ಕೆ ದಾನಿಗಳ ನೆರವಿನಿಂದ 24 ಸಮವಸ್ತ್ರಗಳನ್ನು ಕೊಡಿಸಲಾಯಿತು. ಶಾಲೆಯಿಂದ ಬಂದ ಪಟ್ಟಿಯಲ್ಲಿ ಬಟ್ಟೆಯ ಅಳತೆ, ದರ, ಒಟ್ಟು ಮೊತ್ತ ಎಲ್ಲವನ್ನೂ ಪರಿಶೀಲಿಸಿದೆ. ಹೆಸರುಗಳನ್ನು ಮಾತ್ರ ಓದಲಿಲ್ಲ. ಆ ವರ್ಷದ ಮಕ್ಕಳ ಗ್ರಾಮ ಸಭೆಯಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಆ ಡ್ರೆಸ್ ಹುಡುಗರಿಗೆ ಮಾತ್ರಾನಾ? ನಮಗೆ ಯಾಕಿಲ್ಲ?" ಎಂದು ಕೇಳಿದಳು. ಕಚೇರಿಗೆ ಮರಳಿ ಕಡತ ತೆಗೆದು ನೋಡಿದೆ. ಇಪ್ಪತ್ತನಾಲ್ಕೂ ಬಾಲಕರ ಹೆಸರುಗಳೇ. ತಾಂಡಾದ ಒಂದು ಮಗುವೂ ಇರಲಿಲ್ಲ. ಅದೇ ಶಾಲೆಯಲ್ಲಿ ಓದುತ್ತಿದ್ದ, ಕಿವಿ ಕೇಳಿಸದ ಬಾಲಕನ ಹೆಸರೂ ಇರಲಿಲ್ಲ.

ಯಾರೂ ದುರುದ್ದೇಶದಿಂದ ಆ ಪಟ್ಟಿಯನ್ನು ಸಿದ್ಧಪಡಿಸಿರಲಿಲ್ಲ. ಸಂಸ್ಥೆಯ ನಿಯಮವೂ ಈ ಮಕ್ಕಳನ್ನು ಹೊರಗಿಡುವುದಿಲ್ಲ. ಹಾಗಿದ್ದರೂ ಅವರು ಹೊರಗುಳಿದಿದ್ದರು. ಹಾಗಾಗಲು ಕಾರಣವೇನು, ಅದನ್ನು ಸರಿಪಡಿಸುವಲ್ಲಿ ಪಂಚಾಯಿತಿಯ ಪಾತ್ರವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಚಳವಳಿಯ ಹಿನ್ನೆಲೆ

ಸ್ಕೌಟಿಂಗ್ ಆರಂಭವಾದದ್ದೇ ಬೇರೆ ಬೇರೆ ಹಿನ್ನೆಲೆಯ ಮಕ್ಕಳನ್ನು ಒಟ್ಟುಗೂಡಿಸುವ ಪ್ರಯೋಗವಾಗಿ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಮೊದಲ ಶಿಬಿರದಲ್ಲಿ ಸುಮಾರು 20 ಬಾಲಕರಿದ್ದರು. ಕೆಲವರು ಸಿರಿವಂತರ ಶಾಲೆಗಳಿಂದ ಬಂದವರು, ಕೆಲವರು ದುಡಿಯುವ ಕುಟುಂಬಗಳವರು. ಅವರನ್ನು ನಾಲ್ಕು ಕಿರುತಂಡಗಳಾಗಿ ವಿಂಗಡಿಸಿ, ಒಟ್ಟಿಗೆ ಅಡುಗೆ, ಆಟ, ವಾಸ್ತವ್ಯಗಳಲ್ಲಿ ತೊಡಗಿಸಲಾಯಿತು.

ಆದರೆ ಆ ಪ್ರಯೋಗದಲ್ಲಿ ಬಾಲಕಿಯರಿರಲಿಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟುಗಳ ಸಮಾವೇಶ ನಡೆದಾಗ ಕೆಲವು ಬಾಲಕಿಯರು ತಾವಾಗಿಯೇ ಬಂದು ತಮಗೂ ಸ್ಥಾನ ಬೇಕೆಂದರು. ಮರುವರ್ಷ ಬೇಡನ್ ಪೊವೆಲ್ ಅವರ ಸಹೋದರಿ ಆಗ್ನೆಸ್ ಅವರ ನೇತೃತ್ವದಲ್ಲಿ ಗೈಡ್ಸ್ ಸಂಸ್ಥೆ ರೂಪುಗೊಂಡಿತು. ನಮ್ಮ ಮಕ್ಕಳ ಗ್ರಾಮ ಸಭೆಯಲ್ಲಿ ಕೇಳಿಬಂದ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

ಭಾರತದಲ್ಲಿ ಈ ಚಳವಳಿಯ ಮೊದಲ ಹೆಜ್ಜೆ ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಇಲ್ಲಿ ಮೊದಲ ದಳವನ್ನು ಕಟ್ಟಿದರು. ಆದರೆ ಆರಂಭದ ದಳಗಳು ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಮೀಸಲಾಗಿದ್ದವು. ಭಾರತದ ನೆಲದಲ್ಲಿಯೇ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಇದಕ್ಕೆ ಉತ್ತರವಾಗಿ ಭಾರತೀಯ ಮಕ್ಕಳಿಗಾಗಿಯೇ ಸಂಘಟನೆಗಳು ಹುಟ್ಟಿಕೊಂಡವು. 1916ರಲ್ಲಿ ಮದರಾಸಿನಲ್ಲಿ ಅನಿಬೆಸೆಂಟ್ ಅವರು ಜಿ.ಎಸ್. ಅರುಂಡೇಲ್ ಅವರೊಂದಿಗೆ ಸೇರಿ ಸಂಸ್ಥೆಯೊಂದನ್ನು ಆರಂಭಿಸಿದರು. ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಶ್ರೀರಾಮ್ ಬಾಜಪೇಯಿ ಅವರು ಸೇವಾ ಸಮಿತಿ ಸ್ಕೌಟ್ ಸಂಸ್ಥೆಯನ್ನು ಬೆಳೆಸಿದರು.

ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. 1951ರ ಆಗಸ್ಟ್ 15ರಂದು ಗೈಡ್ಸ್ ಸಂಸ್ಥೆಯೂ ಅದರೊಳಗೆ ವಿಲೀನಗೊಂಡಿತು. ಇಂದು ಜಾತಿ, ಮತ, ಲಿಂಗಗಳ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಸಂಸ್ಥೆಯ ಬಾಗಿಲು ತೆರೆದಿದೆ. ಪ್ರತಿಜ್ಞೆಯಲ್ಲಿ ದೇವರು ಎಂಬ ಪದದ ಬದಲಿಗೆ ಧರ್ಮ ಎಂಬ ಪದವನ್ನು ಬಳಸಲು ಕೂಡ ಅವಕಾಶ ಕಲ್ಪಿಸಲಾಗಿದೆ. ಎಲ್ಲರಿಗೂ ಮಿತ್ರನಾಗಿರುವುದು ಸ್ಕೌಟ್ ನಿಯಮಗಳಲ್ಲಿಯೇ ಒಂದು.

ನಿಯಮ ತಡೆಯದಿದ್ದರೂ ಮಗು ಹೊರಗುಳಿಯುವುದೇಕೆ?

ನಮ್ಮ ಗ್ರಾಮಗಳಲ್ಲಿ ಮಕ್ಕಳನ್ನು ತಡೆಯುವುದು ಲಿಖಿತ ನಿಯಮವಲ್ಲ, ದೈನಂದಿನ ವ್ಯವಸ್ಥೆ. ಮೇಲಿನ ಪಟ್ಟಿಯ ಹಿನ್ನೆಲೆಯನ್ನು ವಿಚಾರಿಸಿದಾಗ ತಿಳಿದುಬಂದ ಕಾರಣಗಳು ಹೀಗಿವೆ.

1. ಗೈಡ್ ಕ್ಯಾಪ್ಟನ್ ಇಲ್ಲದಿರುವುದು. ಬಾಲಕಿಯರ ಗೈಡ್ಸ್ ದಳವನ್ನು ಮಹಿಳೆಯೇ ಮುನ್ನಡೆಸಬೇಕು. ಇದು ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಸರಿಯಾದ ಕ್ರಮ. ಆದರೆ ಇದಕ್ಕೆ ವಸತಿಸಹಿತ ತರಬೇತಿ ಪಡೆಯಬೇಕಾಗುತ್ತದೆ. ಚಿಕ್ಕ ಮಕ್ಕಳಿರುವ ಶಿಕ್ಷಕಿಗೆ ಹಲವು ದಿನ ಮನೆ ಬಿಟ್ಟು ಹೋಗುವುದು ಕಷ್ಟ. ಪರಿಣಾಮವಾಗಿ ಶಿಕ್ಷಕರೊಬ್ಬರು ಸ್ಕೌಟ್ ಮಾಸ್ಟರ್ ಆಗಿ ಬಾಲಕರ ದಳ ಮಾತ್ರ ಉಳಿಯುತ್ತದೆ. ಹೆಣ್ಣುಮಕ್ಕಳಿಗೆ ಆಸಕ್ತಿಯಿಲ್ಲ ಎಂದು ನಾವು ಭಾವಿಸಿದ್ದು ವಾಸ್ತವದಲ್ಲಿ ಒಬ್ಬ ಶಿಕ್ಷಕಿಯ ತರಬೇತಿಯ ಕೊರತೆಯಾಗಿತ್ತು.

2. ಸಮಯ. ದಳದ ಕೂಟ ನಡೆಯುತ್ತಿದ್ದದ್ದು ಸಂಜೆ ಶಾಲೆ ಬಿಟ್ಟ ನಂತರ. ತಾಂಡಾಕ್ಕೆ ಹೋಗುವ ಕೊನೆಯ ಬಸ್ಸು ಅಷ್ಟರಲ್ಲಿ ಹೊರಟುಹೋಗುತ್ತಿತ್ತು. ಆ ಮಕ್ಕಳನ್ನು ಯಾರೂ ಬೇಡವೆಂದಿರಲಿಲ್ಲ. ಬಸ್ಸಿನ ವೇಳೆಯೇ ಅವರನ್ನು ಹೊರಗಿಟ್ಟಿತ್ತು.

3. ವೆಚ್ಚ. ಸಮವಸ್ತ್ರ, ಸ್ಕಾರ್ಫ್, ಬೆಲ್ಟ್, ಶೂ, ಶಿಬಿರದ ಶುಲ್ಕ ಒಟ್ಟಾಗಿ ಕೂಲಿ ಕುಟುಂಬಕ್ಕೆ ಹೊರೆಯಾಗುತ್ತವೆ. ಹಣ ಕೇಳಿ ಮುಜುಗರಕ್ಕೆ ಒಳಗಾಗುವುದಕ್ಕಿಂತ ಹೆಸರನ್ನೇ ಕೊಡದಿರುವುದು ಮೇಲೆಂದು ಮಗು ಭಾವಿಸುತ್ತದೆ.

4. ಅಂಗವಿಕಲತೆಯ ಬಗೆಗಿನ ಪೂರ್ವಗ್ರಹ. ಸೀಟಿಯ ಸದ್ದು ಕೇಳಿಸದ ಬಾಲಕ ಕವಾಯತು ಮಾಡುವುದು ಹೇಗೆ ಎಂಬುದು ಶಾಲೆಯವರ ಪ್ರಶ್ನೆಯಾಗಿತ್ತು. ಸ್ಕೌಟ್ ತರಬೇತಿಯಲ್ಲಿ ಸೀಟಿಯ ಸಂಕೇತಗಳ ಜೊತೆಗೆ ಕೈಸನ್ನೆಯ ಸಂಕೇತಗಳೂ ಪಠ್ಯದ ಭಾಗವೇ ಆಗಿವೆ. ಎರಡನ್ನೂ ಒಟ್ಟಿಗೆ ಬಳಸಿದರೆ ಸಾಕು. ಹಾಗೆಯೇ ಹಗ್ಗದ ಗಂಟುಗಳನ್ನು ದೃಷ್ಟಿಯಿಲ್ಲದ ಮಗು ಸ್ಪರ್ಶದಿಂದಲೇ ಕಲಿಯಬಲ್ಲದು.

5. ಶಿಬಿರದೊಳಗಿನ ಭೇದ. ಇದನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ಅಡುಗೆ ಕೆಲವು ಮಕ್ಕಳಿಗೆ, ಪಾತ್ರೆ ತೊಳೆಯುವುದು ಮತ್ತು ಶೌಚಾಲಯದ ಸ್ವಚ್ಛತೆ ಬೇರೆ ಕೆಲವು ಮಕ್ಕಳಿಗೆ ಎಂದು ಹಂಚಿಕೆಯಾದರೆ, ಅಥವಾ ಊಟದ ಸಾಲು ಬೇರೆಯಾದರೆ, ಆ ಶಿಬಿರದಿಂದ ಮಕ್ಕಳು ಕಲಿಯುವುದು ಅಸ್ಪೃಶ್ಯತೆಯನ್ನು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅದರ ಆಚರಣೆ ಶಿಕ್ಷಾರ್ಹ. ಸ್ಕೌಟಿಂಗ್‌ನ ಕಿರುತಂಡ ಪದ್ಧತಿಯಲ್ಲಿಯೇ ಇದಕ್ಕೆ ಪರಿಹಾರವಿದೆ. ಆರರಿಂದ ಎಂಟು ಮಕ್ಕಳ ಪ್ರತಿ ತಂಡವನ್ನೂ ಬೇರೆ ಬೇರೆ ಕೇರಿಗಳ ಮಕ್ಕಳನ್ನು ಸೇರಿಸಿ ರಚಿಸಿ, ಎಲ್ಲ ಕೆಲಸಗಳೂ ಪ್ರತಿ ತಂಡಕ್ಕೂ ಸರದಿಯಂತೆ ಬರುವ ಹಾಗೆ ಪಟ್ಟಿ ಬರೆದು ಗೋಡೆಗೆ ಅಂಟಿಸಬೇಕು.

ಹೊರಗುಳಿದ ಮಗು ಕಳೆದುಕೊಳ್ಳುವುದೇನು?

ಪ್ರಥಮ ಚಿಕಿತ್ಸೆ, ಗುಂಪಿನಲ್ಲಿ ನಾಯಕತ್ವ, ಮನೆಯಿಂದ ಹೊರಗೆ ಧೈರ್ಯವಾಗಿ ಇರುವ ಅಭ್ಯಾಸ: ಇವು ಮೊದಲ ನಷ್ಟ. ಎರಡನೆಯದು ಮುಂದಿನ ಜೀವನಕ್ಕೆ ಸಂಬಂಧಿಸಿದ್ದು. ದಳದಲ್ಲಿರುವ ಮಗು ಹಂತಹಂತವಾಗಿ ರಾಜ್ಯ ಪುರಸ್ಕಾರ, ಬಳಿಕ ರಾಷ್ಟ್ರಪತಿ ಪುರಸ್ಕಾರದವರೆಗೆ ಏರಬಹುದು. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ. ಎಂಟನೆಯ ತರಗತಿಯಲ್ಲಿ ಪಟ್ಟಿಯಿಂದ ಬಿಟ್ಟುಹೋದ ಹೆಸರು ಆ ಅವಕಾಶದ ಸರದಿಯಿಂದಲೂ ಬಿಟ್ಟುಹೋಗುತ್ತದೆ. ಈ ನೆರವು ಹೆಚ್ಚು ಅಗತ್ಯವಿರುವ ಕುಟುಂಬಗಳ ಮಕ್ಕಳೇ ಹೆಚ್ಚಾಗಿ ಹೊರಗುಳಿಯುತ್ತಿರುವುದು ನಾವು ಗಮನಿಸಬೇಕಾದ ಸಂಗತಿ.

ಪಂಚಾಯಿತಿಯ ಪಾತ್ರ

ದಳವನ್ನು ನಡೆಸುವುದು ಶಾಲೆ ಮತ್ತು ಸಂಸ್ಥೆಯ ಕಾರ್ಯ, ಪಂಚಾಯಿತಿಗೇಕೆ ಈ ಗೊಡವೆ ಎಂದು ಕೆಲವು ಸದಸ್ಯರು ಕೇಳಬಹುದು. ತರಬೇತಿಯ ವಿಷಯದಲ್ಲಿ ನಾವು ತಲೆಹಾಕಬೇಕಾಗಿಲ್ಲ. ಆದರೆ ಮೇಲೆ ಹೇಳಿದ ಅಡೆತಡೆಗಳಲ್ಲಿ ನೀರು, ಶೌಚಾಲಯ, ಬೆಳಕು, ದಾರಿ, ಪೋಷಕರ ವಿಶ್ವಾಸ ಇವೆಲ್ಲ ನಮ್ಮ ವ್ಯಾಪ್ತಿಗೆ ಬರುವಂಥವು. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳನ್ನು ಕೆಳಗೆ ನೀಡಲಾಗಿದೆ.

ಅ) ಮೊದಲು ಎಣಿಕೆ. ಶಾಲೆಯ ದಾಖಲಾತಿ ಮತ್ತು ದಳದ ಪಟ್ಟಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಬಾಲಕಿಯರೆಷ್ಟು, ಪ್ರತಿ ಕೇರಿ, ಕಾಲೊನಿ, ತಾಂಡಾ ಅಥವಾ ಹಾಡಿಯಿಂದ ಎಷ್ಟು, ವಿಕಲಚೇತನ ಮಕ್ಕಳೆಷ್ಟು ಎಂಬುದನ್ನು ಒಂದು ಪುಟದಲ್ಲಿ ಬರೆದರೆ ಸಮಸ್ಯೆ ತಾನಾಗಿ ಗೋಚರಿಸುತ್ತದೆ. ಮಕ್ಕಳ ಹೆಸರುಗಳನ್ನು ಮಾತ್ರ ಸಭೆಯಲ್ಲಿ ಓದಬಾರದು.

ಆ) ಶಿಕ್ಷಕಿಯ ತರಬೇತಿ. ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿಯೊಂದಿಗೆ ಚರ್ಚಿಸಿ, ಆಸಕ್ತ ಶಿಕ್ಷಕಿಯನ್ನು ಗೈಡ್ ಕ್ಯಾಪ್ಟನ್ ತರಬೇತಿಗೆ ನಿಯೋಜಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಪತ್ರ ಬರೆಯಬಹುದು. ರಜಾ ಅವಧಿಯಲ್ಲಿ ನಡೆಯುವ ತರಬೇತಿಯಾದರೆ ಅವರಿಗೆ ಅನುಕೂಲ.

ಇ) ಸಮಯ ಬದಲಾವಣೆ. ಕೂಟವನ್ನು ಶನಿವಾರದ ಶಾಲಾ ಅವಧಿಗೆ ಹೊಂದಿಸಿದರೆ ದೂರದ ಮಕ್ಕಳೂ ಭಾಗವಹಿಸಬಲ್ಲರು. ಇದಕ್ಕೆ ಹಣದ ಅಗತ್ಯವಿಲ್ಲ.

ಈ) ಸಮವಸ್ತ್ರದ ಸಂಗ್ರಹ. ದಾನಿಗಳಿಂದ ಬಂದ ಸಮವಸ್ತ್ರಗಳನ್ನು ಮಗುವಿನ ಹೆಸರಿಗೆ ಕೊಡದೆ ಶಾಲೆಯ ದಾಸ್ತಾನಿನಲ್ಲಿ ಇಟ್ಟು, ಹತ್ತನೆಯ ತರಗತಿ ಮುಗಿಸಿದವರಿಂದ ಹಿಂಪಡೆದು ಮುಂದಿನವರಿಗೆ ನೀಡಬಹುದು. ಪ್ರತಿಜ್ಞೆ ಸ್ವೀಕರಿಸುವ ಮುನ್ನ ಪ್ರವೇಶ ಹಂತದ ಕಲಿಕೆ ಇರುತ್ತದೆ. ಆ ಅವಧಿಯಲ್ಲಿ ಸಮವಸ್ತ್ರವಿಲ್ಲವೆಂದು ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸಬೇಕಾಗಿಲ್ಲ.

ಉ) ಶಿಬಿರದ ಸ್ಥಳ. ಬಾಲಕಿಯರಿಗೆ ಪ್ರತ್ಯೇಕ, ಚಿಲಕವಿರುವ ಶೌಚಾಲಯ, ರಾತ್ರಿ ಬೆಳಕು, ನೀರು ಇವೆಯೇ ಎಂದು ಶಿಬಿರಕ್ಕೆ ಒಂದು ವಾರ ಮುಂಚೆಯೇ ಸ್ಥಳಕ್ಕೆ ಹೋಗಿ ನೋಡಿ. ಇಳಿಜಾರು ದಾರಿಯ ವಿಷಯದಲ್ಲಿ ಒಂದು ಸೂಚನೆ: ಎತ್ತರದ ಪ್ರತಿ ಒಂದು ಅಡಿಗೆ ಕನಿಷ್ಠ ಹನ್ನೆರಡು ಅಡಿ ಉದ್ದವಿರಬೇಕು. ಕಟ್ಟಡದ ತಳಪಾಯ ನೆಲದಿಂದ 45 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರು 5.4 ಮೀಟರ್ ಉದ್ದವಾಗಬೇಕು. ಜಾಗ ಉಳಿಸಲೆಂದು ಎರಡು ಮೀಟರಿನಲ್ಲಿ ಮುಗಿಸಿದ ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಮಗು ತಾನಾಗಿ ಏರಿಸಲಾರದು. ಇಳಿಯುವಾಗ ಬೀಳುವ ಅಪಾಯವೂ ಇದೆ. ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಮೀಸಲಿರಿಸುವ ಅನುದಾನದ ಬಳಕೆಯನ್ನು ಚರ್ಚಿಸುವಾಗ ಶಾಲೆಗಳ ಈ ಅಗತ್ಯವನ್ನೂ ಪರಿಗಣಿಸಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಲಹೆಯನ್ನು ತಪ್ಪದೆ ಪಡೆಯಿರಿ.

ಊ) ಪೋಷಕರ ವಿಶ್ವಾಸ. ಮಗಳನ್ನು ರಾತ್ರಿ ವಾಸ್ತವ್ಯದ ಶಿಬಿರಕ್ಕೆ ಕಳುಹಿಸಲು ತಂದೆ ತಾಯಿ ಹಿಂಜರಿಯುವುದು ಸಹಜ. ಅದನ್ನು ಹಿಂದುಳಿದ ಮನೋಭಾವವೆಂದು ಹಳಿಯಬಾರದು. ಜೊತೆಗಿರುವ ಶಿಕ್ಷಕಿ ಯಾರು, ಮಲಗುವ ವ್ಯವಸ್ಥೆ ಎಲ್ಲಿ, ಸಂಪರ್ಕಿಸುವುದು ಹೇಗೆ ಎಂಬುದನ್ನು ಸದಸ್ಯರೇ ಮನೆಗೆ ಹೋಗಿ ತಿಳಿಸಿದರೆ ಅದರ ಪರಿಣಾಮವೇ ಬೇರೆ. ಈ ವಿಷಯದಲ್ಲಿ ಮಹಿಳಾ ಸದಸ್ಯರ ಮಾತಿಗೆ ಹೆಚ್ಚಿನ ತೂಕವಿದೆ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಶಿಬಿರದ ಸ್ಥಳದಲ್ಲಿ ಪ್ರದರ್ಶಿಸಬೇಕು.

ನಮ್ಮಲ್ಲಿ ಆದದ್ದು, ಆಗದಿರುವುದು

ಮಕ್ಕಳ ಗ್ರಾಮ ಸಭೆಯ ಆ ಪ್ರಶ್ನೆಯ ನಂತರ ಶಿಕ್ಷಕಿಯೊಬ್ಬರು ಬೇಸಿಗೆ ರಜೆಯಲ್ಲಿ ತರಬೇತಿ ಪಡೆದರು. ಈಗ ಶಾಲೆಯಲ್ಲಿ ಗೈಡ್ಸ್ ದಳವಿದೆ. ಕೂಟ ಶನಿವಾರಕ್ಕೆ ಬದಲಾದ ಮೇಲೆ ತಾಂಡಾದ ಮಕ್ಕಳೂ ಸೇರಿದ್ದಾರೆ. ಕಿವಿ ಕೇಳಿಸದ ಬಾಲಕನಿಗಾಗಿ ಕೈಸನ್ನೆ ಬಳಸತೊಡಗಿದಾಗ, ಗದ್ದಲದ ನಡುವೆ ಸೀಟಿ ಕೇಳಿಸದ ಇತರ ಮಕ್ಕಳಿಗೂ ಅದರಿಂದ ಅನುಕೂಲವಾಯಿತು. ಆದರೆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಅಷ್ಟರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಶಾಲೆಯಿಂದ ಹೊರಹೋಗಿದ್ದಳು. ನಾವು ಎಚ್ಚೆತ್ತದ್ದು ಅವಳ ಪಾಲಿಗೆ ತಡವಾಯಿತು. ಕೆಲಸ ಅರಸಿ ಬಂದ ವಲಸೆ ಕುಟುಂಬಗಳ ಮಕ್ಕಳು ಇನ್ನೂ ಯಾವ ದಳದಲ್ಲಿಯೂ ಇಲ್ಲ. ಶಾಲೆಗೆ ಸೀಮಿತವಾಗದ ಮುಕ್ತ ದಳವನ್ನು ರಚಿಸಲು ಸಂಸ್ಥೆಯಲ್ಲಿ ಅವಕಾಶವಿದೆ. ಆ ಪ್ರಯತ್ನ ನಮ್ಮಲ್ಲಿ ಇನ್ನೂ ಆರಂಭವಾಗಬೇಕಿದೆ.

ನಿರ್ಣಯದ ಮಾದರಿ

ಆಸಕ್ತ ಪಂಚಾಯಿತಿಗಳು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಚರ್ಚಿಸಿ, ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿ ಸಾಮಾನ್ಯ ಸಭೆಯ ಮುಂದಿಡಲು ಅನುಕೂಲವಾಗುವಂತೆ ಒಂದು ಮಾದರಿಯನ್ನು ಇಲ್ಲಿ ನೀಡಲಾಗಿದೆ:

"ನಮ್ಮ ವ್ಯಾಪ್ತಿಯ ಶಾಲೆಗಳ ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳಲ್ಲಿ ಬಾಲಕಿಯರು, ಎಲ್ಲ ಜನವಸತಿಗಳ ಮಕ್ಕಳು ಹಾಗೂ ವಿಕಲಚೇತನ ಮಕ್ಕಳು ಭಾಗವಹಿಸುತ್ತಿರುವ ಬಗ್ಗೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆಗೆ ಮುನ್ನ ಮಾಹಿತಿ ಪಡೆಯುವುದು, ಹೊರಗುಳಿದವರಿದ್ದಲ್ಲಿ ಕಾರಣ ತಿಳಿದು, ಪಂಚಾಯಿತಿ ವತಿಯಿಂದ ನಿವಾರಿಸಬಹುದಾದ ಅಡೆತಡೆಗಳನ್ನು ನಿವಾರಿಸುವುದು, ಕೈಗೊಂಡ ಕ್ರಮವನ್ನು ಅದೇ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳಿಗೆ ತಿಳಿಸುವುದು ಎಂದು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು."

ಇದರ ಕೊನೆಯ ಸಾಲನ್ನು ದಯವಿಟ್ಟು ಕೈಬಿಡಬೇಡಿ. ಪ್ರಶ್ನೆ ಕೇಳಿದ ಮಗುವಿಗೆ, ಅದು ಶಾಲೆ ಬಿಡುವ ಮೊದಲೇ ಉತ್ತರ ಸಿಗಬೇಕು.