ಜಡ್ಡಿನ ಬೆಕ್ಕಿಗೊಂದು ಮನೆ ಬೇಕಾಗಿದೆ

ಮಲಪ್ರಭೆಯ ದಂಡೆಯ ಮುನವಳ್ಳಿಯಂಥ ಊರುಗಳಲ್ಲಿ ಬೆಕ್ಕನ್ನು ಹಣ ಕೊಟ್ಟು ತರುವ ಪದ್ಧತಿಯಿಲ್ಲ. ಒಂದು ಮನೆಯಲ್ಲಿ ಮರಿ ಹಾಕಿದರೆ ಇನ್ನೊಂದು ಮನೆಯವರು ಕೇಳಿ ಒಯ್ಯುತ್ತಾರೆ. ಜೋಳ, ಗೋಧಿ, ಕಡಲೆಯ ಚೀಲಗಳಿರುವ ಮನೆಗೆ ಇಲಿಯ ಕಾಟ ತಪ್ಪಿದ್ದಲ್ಲ. ಇಲಿಯಿದ್ದಲ್ಲಿ ಬೆಕ್ಕು ಬೇಕು. ಒಂದಿಷ್ಟು ಹಾಲು, ಒಂದು ತುಣುಕು ರೊಟ್ಟಿ, ಒಲೆಯ ಬದಿಗೆ ಬೆಚ್ಚನೆಯ ಜಾಗ. ಬೆಕ್ಕಿಗೆ ಸಲ್ಲುವ ಸಂಬಳ ಇಷ್ಟೇ. ಈ ಒಪ್ಪಂದ ಬಹಳ ಹಳೆಯದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದುದು 2004ರಲ್ಲಿ ಬೆಳಕಿಗೆ ಬಂತು. ಮನುಷ್ಯ ಬಿತ್ತಿ ಬೆಳೆದು ಕಾಳು ಕೂಡಿಡಲು ತೊಡಗಿದ ಕಾಲದಿಂದಲೂ ಬೆಕ್ಕು ಅವನ ನೆರೆಯಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಆ ಬೆಕ್ಕಿಗೆ ವಾಸಿಯಾಗದ ಜಡ್ಡು ಅಂಟಿಕೊಂಡರೆ ಒಪ್ಪಂದದ ಗತಿಯೇನು? ಇಲಿ ಹಿಡಿಯಲಾರದ, ದಿನವೂ ಔಷಧಿ ಬೇಡುವ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆಗೋ ಸಂತೆಯ ಬಯಲಿಗೋ ಬಿಟ್ಟು ಬರುವುದು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ಹಾಗೆ ಬಿಟ್ಟ ಬೆಕ್ಕನ್ನು ಯಾರೋ ಕರುಣಾಳುಗಳು ಎತ್ತಿಕೊಂಡು ಬಂದು, ಉಪಚರಿಸಿ, ‘ಇದಕ್ಕೊಂದು ಮನೆ ಕೊಡಿ’ ಎಂದು ಕೇಳಿದಾಗ ಸಿಗುವ ಉತ್ತರ ಒಂದೇ: ‘ಜಡ್ಡಿನ ಬೆಕ್ಕು ನಮಗ್ಯಾಕ ಬೇಕ್ರೀ?’

ಈ ಪ್ರಶ್ನೆಯನ್ನು ನಿರ್ದಯೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಇದು ನ್ಯಾಯವಾದ ಪ್ರಶ್ನೆ. ಮನೆಯ ಮಕ್ಕಳಿಗೆ ಅಂಟುವುದೇ? ಖರ್ಚೆಷ್ಟು? ಎಷ್ಟು ದಿನ ಬದುಕೀತು? ಕೇಳುವವರಿಗೆ ಉತ್ತರ ಸಿಗಬೇಕು, ಉಪದೇಶವಲ್ಲ.

ಹೆಸರಿನ ಭಯ

ಬೆಕ್ಕುಗಳ ದೀರ್ಘಕಾಲದ ರೋಗಗಳಲ್ಲಿ ಹೆಸರಿನಿಂದಲೇ ಅತಿ ಹೆಚ್ಚು ಕೆಟ್ಟದ್ದು ಎಫ್‌ಐವಿ. ಮನುಷ್ಯರ ಎಚ್‌ಐವಿಯ ದೂರದ ಬಂಧುವಾದ ಈ ವೈರಾಣುವನ್ನು 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೀಲ್ಸ್ ಪೆಡರ್ಸನ್ ಮತ್ತು ಜಾನೆಟ್ ಯಮಾಮೊಟೊ ಗುರುತಿಸಿದರು. ಆ ಬಳಿಕ ವರ್ಷಗಟ್ಟಲೆ ಪಶ್ಚಿಮದ ಅನೇಕ ಆಶ್ರಯಧಾಮಗಳಲ್ಲಿ ಪರೀಕ್ಷೆಯಲ್ಲಿ ಸೋಂಕು ಕಂಡ ಬೆಕ್ಕಿಗೆ ಮರಣದ ಚುಚ್ಚುಮದ್ದೇ ಗತಿಯಾಯಿತು. ಕಾಲಕ್ರಮೇಣ ತಿಳಿದುಬಂದದ್ದು ಬೇರೆಯೇ. ಎಫ್‌ಐವಿ ಮನುಷ್ಯರಿಗೆ ಅಂಟುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಮುಖ್ಯವಾಗಿ ಆಳವಾದ ಕಚ್ಚುಗಾಯದಿಂದ ಹರಡುತ್ತದೆ. ಸಂತಾನಹರಣ ಮಾಡಿಸಿ, ಜಗಳಕ್ಕೆ ಬಿಡದೆ ಮನೆಯೊಳಗಿಟ್ಟುಕೊಂಡರೆ ಇಂಥ ಬೆಕ್ಕು ಉಳಿದವುಗಳಂತೆಯೇ ಹಲವು ವರ್ಷ ಬದುಕಬಲ್ಲದು. ರೋಗದ ಹೆಸರು ಕೇಳಿಯೇ ಕೊಂದ ಬೆಕ್ಕುಗಳಲ್ಲಿ ಬದುಕಬಹುದಾಗಿದ್ದವು ಎಷ್ಟಿದ್ದವೋ!

ಹಾಗೆಂದು ಎಲ್ಲ ರೋಗಗಳೂ ಹಗುರವೆಂದಲ್ಲ. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ತಂಡ ಕಂಡುಹಿಡಿದ ರಕ್ತಕ್ಯಾನ್ಸರ್ ವೈರಾಣು ಜೊಲ್ಲಿನಿಂದಲೇ ಹರಡುತ್ತದೆ. ಅದು ತಗುಲಿದ ಬೆಕ್ಕಿಗೆ ಬೇರೆ ಬೆಕ್ಕುಗಳಿಲ್ಲದ ಅಥವಾ ಅದೇ ಸೋಂಕಿನ ಬೆಕ್ಕುಗಳಿರುವ ಮನೆಯೇ ಆಗಬೇಕು. ಅದೂ ಮನುಷ್ಯರಿಗೆ ಅಂಟುವ ರೋಗವಲ್ಲ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಸಾಮಾನ್ಯವಾಗಿ ಹನ್ನೆರಡು ತಾಸಿಗೊಮ್ಮೆ ಇನ್ಸುಲಿನ್ ಬೇಕು. ಬೇಗನೆ ಗುರುತಿಸಿ ಆಹಾರ ಬದಲಿಸಿದರೆ ಕೆಲವು ಬೆಕ್ಕುಗಳಿಗೆ ಮುಂದೆ ಚುಚ್ಚುಮದ್ದೇ ಬೇಡವಾಗುವುದೂ ಉಂಟು. ವಯಸ್ಸಾದ ಬೆಕ್ಕುಗಳಲ್ಲಿ ಸಾಮಾನ್ಯವಾದ ಮೂತ್ರಪಿಂಡದ ರೋಗ ಹಿಂದಿರುಗುವುದಿಲ್ಲ. ಆದರೆ ಆಹಾರದ ಪಥ್ಯ, ಧಾರಾಳ ನೀರು, ವೈದ್ಯರು ಕಲಿಸಿಕೊಟ್ಟಂತೆ ಚರ್ಮದಡಿಗೆ ಕೊಡುವ ದ್ರವ, ಇವುಗಳಿಂದ ಅದರ ಓಟವನ್ನು ನಿಧಾನಗೊಳಿಸಿ ನೆಮ್ಮದಿಯ ದಿನಗಳನ್ನು ಕೊಡಬಹುದು.

ಮುಚ್ಚಿಟ್ಟರೆ ಮೋಸ

ಮನೆ ಹುಡುಕುವವರು ಮಾಡುವ ದೊಡ್ಡ ತಪ್ಪೆಂದರೆ ರೋಗವನ್ನು ಮುಚ್ಚಿಡುವುದು ಅಥವಾ ‘ಸ್ವಲ್ಪ ಅಶಕ್ತವಾಗಿದೆ, ಅಷ್ಟೆ’ ಎಂದು ತೇಲಿಸಿಬಿಡುವುದು. ಉದ್ದೇಶ ಒಳ್ಳೆಯದೇ. ಫಲ ಮಾತ್ರ ಕೆಟ್ಟದ್ದು. ತಿಂಗಳೊಪ್ಪತ್ತಿನಲ್ಲಿ ಸತ್ಯ ಹೊರಬೀಳುತ್ತದೆ. ಮೋಸಹೋದ ಮನೆಯವರು ಬೆಕ್ಕನ್ನು ಹಿಂದಿರುಗಿಸುತ್ತಾರೆ ಇಲ್ಲವೇ ಮತ್ತೆ ಬೀದಿಗೆ ಬಿಡುತ್ತಾರೆ. ಇನ್ನೊಮ್ಮೆ ಅವರು ಯಾವ ಪ್ರಾಣಿಗೂ ಬಾಗಿಲು ತೆರೆಯಲಾರರು.

ಇದಕ್ಕೆ ವಿರುದ್ಧವಾದ ದಾರಿಯೊಂದಿದೆ: ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದುಕೊಡುವುದು. ರೋಗದ ಹೆಸರು, ಪರೀಕ್ಷೆಯಾದ ದಿನ, ದಿನದ ಔಷಧಿ, ತಿಂಗಳ ಖರ್ಚು, ಯಾವ ಲಕ್ಷಣ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು ಎಂಬ ಸೂಚನೆ. ಜೊತೆಗೆ ಬೆಕ್ಕಿನ ಸ್ವಭಾವ: ಮಡಿಲಲ್ಲಿ ಮಲಗುತ್ತದೆಯೇ, ಮಕ್ಕಳನ್ನು ಕಂಡರೆ ಓಡುತ್ತದೆಯೇ, ಗುಳಿಗೆಯನ್ನು ನುಂಗುತ್ತದೆಯೇ, ಉಗುಳುತ್ತದೆಯೇ? ಔಷಧಿಯ ವೆಚ್ಚವನ್ನು ಹಂಚಿಕೊಳ್ಳುವವರು ಯಾರು, ಒಯ್ದವರಿಗೆ ಊರಿಗೆ ಹೋಗುವ ಪ್ರಸಂಗ ಬಂದರೆ ನಾಲ್ಕು ದಿನ ನೋಡಿಕೊಳ್ಳುವವರು ಯಾರು, ನಿಭಾಯಿಸಲಾಗದಿದ್ದರೆ ಹಿಂದೆ ಪಡೆಯುವವರು ಯಾರು ಎಂಬುದೂ ಅದರಲ್ಲಿರಬೇಕು. ಇದನ್ನು ಓದಿ ಹತ್ತು ಜನ ಹಿಂದೆ ಸರಿಯಬಹುದು. ಹನ್ನೊಂದನೆಯವರು ಮುಂದೆ ಬಂದರೆ ಅವರು ತಿಳಿದೇ ಬಂದವರು. ಜಡ್ಡಿನ ಬೆಕ್ಕಿಗೆ ಬೇಕಾಗಿರುವುದು ಅಂಥ ಒಂದೇ ಮನೆ.

ಆ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕಾದ ಸಂಗತಿಗಳು ಇನ್ನೆರಡಿವೆ. ಮೊದಲನೆಯದು, ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಒಂದೇ ಗುಳಿಗೆ ಪ್ರಾಣ ತೆಗೆಯಬಲ್ಲದು. ಎರಡನೆಯದು ಆಹಾರದ ಮಾತು. ನಮ್ಮ ಭಾಗದ ಅನೇಕ ಮನೆಗಳು ಶಾಕಾಹಾರಿ. ಹಾಲು-ರೊಟ್ಟಿ ತಿಂದೇ ಬೆಕ್ಕು ಬದುಕುತ್ತದೆಂದು ನಾವು ನಂಬಿದ್ದೇವೆ. ನಿಜಕ್ಕೂ ಅದನ್ನು ಬದುಕಿಸುತ್ತಿದ್ದುದು ಹೊರಗೆ ತಾನೇ ಹಿಡಿದು ತಿನ್ನುವ ಇಲಿ, ಹಲ್ಲಿಗಳು. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ದೊರೆಯದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹೃದಯದ ಈ ಸಂಬಂಧ 1987ರಲ್ಲಿ ಸಿದ್ಧಪಟ್ಟಿತು. ಜಡ್ಡಿನ ಬೆಕ್ಕನ್ನು ಮನೆಯೊಳಗೇ ಇಡಬೇಕಾದಾಗ ಬೇಟೆ ನಿಲ್ಲುತ್ತದೆ. ಆಗ ಬೆಕ್ಕಿಗೆಂದೇ ತಯಾರಾದ ಪರಿಪೂರ್ಣ ಆಹಾರವನ್ನು ಮನೆಯೊಳಗೆ ತರಲು ಒಪ್ಪುವಿರಾ ಎಂದು ಮೊದಲೇ ಕೇಳುವುದು ಸೌಜನ್ಯ. ಒಪ್ಪಲಾಗದವರು ಹಾಗೆಂದು ಹೇಳುವುದು ಪ್ರಾಮಾಣಿಕತೆ.

ಕಾನೂನು ಮತ್ತು ವಾಸ್ತವ

ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಸಾಕಿದ ಪ್ರಾಣಿಯ ಯೋಗಕ್ಷೇಮ ಸಾಕಿದವನ ಕರ್ತವ್ಯವೆಂದು ಅದು ಹೇಳುತ್ತದೆ. ಹಸಿವು, ನೀರಡಿಕೆಗಳಿಂದ ನರಳುವಂತೆ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಅದರ ಪ್ರಕಾರ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಕಾಯ್ದೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ! ಇಂಥ ದಂಡಕ್ಕೆ ಹೆದರಿ ಬೆಕ್ಕನ್ನು ಮನೆಯಲ್ಲಿಟ್ಟುಕೊಳ್ಳುವವರು ಯಾರಿದ್ದಾರೆ? ಜಿಲ್ಲೆಗೊಂದು ಪ್ರಾಣಿಹಿಂಸೆ ತಡೆ ಸಂಘವಿರಬೇಕು, ಅದಕ್ಕೆ ಚಿಕಿತ್ಸಾಲಯ ಮತ್ತು ಆಶ್ರಯಧಾಮಗಳಿರಬೇಕು ಎಂದು 2001ರ ನಿಯಮಗಳು ವಿಧಿಸಿವೆ. ಈ ನಿಯಮ ಕಾಗದದಿಂದಾಚೆಗೆ ಎಷ್ಟು ದೂರ ನಡೆದಿದೆ ಎಂದು ಜಿಲ್ಲಾಡಳಿತಗಳು ತಮ್ಮನ್ನೇ ಕೇಳಿಕೊಳ್ಳಬೇಕು.

ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ‘ಕ್ಯೂಪಾ’ದಂಥ ಸಂಸ್ಥೆಗಳಿವೆ. ಸಣ್ಣ ಊರಿನ ಬೆಕ್ಕಿಗೆ ಅಂಥ ಬಾಗಿಲು ಬಹು ದೂರ. ಅಲ್ಲದೆ ಬೆಕ್ಕಿನ ಸ್ವಭಾವಕ್ಕೆ ಪಂಜರದ ವಾಸ ಒಗ್ಗುವುದಿಲ್ಲ; ಹೆದರಿಕೆ ಮತ್ತು ದಟ್ಟಣೆಯಿಂದ ನೆಗಡಿಯಂಥ ಸೋಂಕುಗಳು ಆಶ್ರಯಧಾಮಗಳಲ್ಲಿ ಬೇಗ ಹಬ್ಬುತ್ತವೆ. ಮೊದಲೇ ಅಶಕ್ತವಾದ ಬೆಕ್ಕಿಗೆ ಅಲ್ಲಿನ ಪ್ರತಿ ತಿಂಗಳೂ ಅಪಾಯದ್ದೇ. ಆದುದರಿಂದ ಮುನವಳ್ಳಿ, ಬೈಲಹೊಂಗಲ, ರಾಮದುರ್ಗಗಳಂಥ ಊರುಗಳಿಗೆ ದೊಡ್ಡ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ನಾಲ್ಕು ಮನೆಗಳ ಒಂದು ಬಳಗ. ಒಬ್ಬರು ಬೆಕ್ಕನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು, ಒಬ್ಬರು ಔಷಧಿ ತರಿಸಬಹುದು, ಒಬ್ಬರು ಶಾಶ್ವತ ಮನೆ ಹುಡುಕಬಹುದು. ನಮ್ಮ ಸರ್ಕಾರಿ ಪಶು ಆಸ್ಪತ್ರೆಗಳ ವೈದ್ಯರು ದನ-ಎಮ್ಮೆ, ಕುರಿ-ಮೇಕೆಗಳ ನಡುವೆ ಬಿಡುವಿಲ್ಲದವರು, ನಿಜ. ಆದರೂ ರೇಬಿಸ್ ಲಸಿಕೆಗೆ, ಸಂತಾನಹರಣದ ಸಲಹೆಗೆ ಮೊದಲು ಅವರನ್ನೇ ಕೇಳಬೇಕು. ಗದಗ ಮತ್ತು ಅಥಣಿಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಸಣ್ಣ ಪ್ರಾಣಿಗಳ ಚಿಕಿತ್ಸೆಯನ್ನು ಕಲಿತ ತರುಣ ವೈದ್ಯರು ತಾಲ್ಲೂಕುಗಳತ್ತ ಬರುವಂತಾದರೆ ಅರ್ಧ ಹೊರೆ ಇಳಿಯುತ್ತದೆ.

ಒಂದು ಕಠಿಣ ಮಾತನ್ನೂ ಹೇಳಬೇಕು. ಕೆಲವು ಬೆಕ್ಕುಗಳಿಗೆ ಮನೆ ಸಿಕ್ಕರೂ ನೋವು ತಪ್ಪದು. ಚಿಕಿತ್ಸೆ ಸೋತು ಯಾತನೆಯೊಂದೇ ಉಳಿದಾಗ ವೈದ್ಯರ ಕೈಯಲ್ಲಿ ಶಾಂತವಾದ ಸಾವೂ ದಯೆಯೇ. ಆ ನಿರ್ಧಾರ ಕಾಯಿಲೆಯ ಹೆಸರನ್ನು ನೋಡಿ ಆಗಬಾರದು. ಎದುರಿಗಿರುವ ಬೆಕ್ಕನ್ನು ನೋಡಿ ಆಗಬೇಕು.

ಕಾಳು ಕಾಯ್ದ ಬೆಕ್ಕಿನೊಡನೆ ನಮ್ಮ ಹಿರಿಯರು ಮಾಡಿಕೊಂಡ ಒಪ್ಪಂದಕ್ಕೆ ಬರಹವಿರಲಿಲ್ಲ. ದುಡಿಯುವವರೆಗೆ ಮಾತ್ರ ಎಂಬ ಷರತ್ತೂ ಅದರಲ್ಲಿರಲಿಲ್ಲ. ಅದನ್ನು ಸೇರಿಸಿದವರು ನಾವು. ‘ಜಡ್ಡಿನ ಬೆಕ್ಕು ನಮಗ್ಯಾಕ’ ಎಂದು ಮುಂದಿನ ಸಲ ಯಾರಾದರೂ ಕೇಳಿದರೆ ಅವರ ಕೈಗೆ ಆ ಹಾಳೆಯನ್ನು ಕೊಡೋಣ. ಓದಿ, ಲೆಕ್ಕಹಾಕಿ, ಮನೆಯವರನ್ನು ಕೇಳಿ ಬರಲಿ. ಒಪ್ಪಿದರೆ ಬೆಕ್ಕಿಗೊಂದು ಮನೆ. ಒಪ್ಪದಿದ್ದರೆ ಹಾಳೆ ಮುಂದಿನ ಬಾಗಿಲಿಗೆ ಹೋಗಲಿ. ಬೆಕ್ಕು ಮಾತ್ರ ಹೊಳೆಯಾಚೆಗೆ ಹೋಗುವುದು ಬೇಡ.